ಶತಾಧಿಪತಿ ಎಂಬ ಪದದ ವಿಚಾರ

ಸುವಾರ್ತೆಗಳನ್ನೂ ಅಪೊಸ್ತಲರ ಕೃತ್ಯಗಳನ್ನೂ ಓದುವಾಗ ‘ಶತಾಧಿಪತಿ’ ಎಂಬ ಪದವು ನಮಗೆ ಪದೇ ಪದೇ ದೊರೆಯುತ್ತದೆ. ಅಧಿಪತಿಯೆಂದೊಡನೆ ಸಿರಿವಂತನಾದ ಸಾಮಂತನೊಬ್ಬನನ್ನು ನಾವು ಭಾವಿಸುವುದುಂಟು. ಮೂಲಪದವನ್ನು ವಿಚಾರಿಸಿದರೆ ಬೇರೊಂದು ಚಿತ್ರವು ಕಾಣುವದು.

ಗ್ರೀಕಿನಲ್ಲಿ ಈ ಪದವು ‘ಹೆಕತೊಂತಾರ್ಖೇಸ್’. ‘ಹೆಕತೊನ್’ ಎಂದರೆ ನೂರು; ‘ಆರ್ಖೋ’ ಎಂದರೆ ಆಳುತ್ತೇನೆ. ಈ ಹೆಕತೊನ್, ಲತೀನಿನ ಕೆಂತುಮ್, ಸಂಸ್ಕೃತದ ಶತಮ್ ಎಂಬವು ಒಂದೇ ಮೂಲದಿಂದ ಹುಟ್ಟಿದ ಅಕ್ಕತಂಗಿಯರು. ಮಾರ್ಕನು ಮಾತ್ರ ‘ಕೆಂತುರಿಯೋನ್’ ಎಂಬ ಲತೀನ್ ಪದವನ್ನೇ ಗ್ರೀಕ್ ಅಕ್ಷರಗಳಲ್ಲಿ ಬರೆದಿದ್ದಾನೆ. ‘ಸಹಸ್ರಾಧಿಪತಿ’ ಎಂಬುದು ‘ಖಿಲಿಯಾರ್ಖೊಸ್’ ಎಂಬ ಪದದ ಅನುವಾದವು; ಇವನು ಶತಾಧಿಪತಿಗಿಂತ ಮೇಲಿನವನು.

ಆದರೆ ಶತಾಧಿಪತಿಯ ಕೈಕೆಳಗೆ ಸಾಮಾನ್ಯವಾಗಿ ಇದ್ದವರು 80 ಮಂದಿ. ಅಂಕೆಯು ಹೆಸರಾಗಿ ನಿಂತಿತು, ಎಣಿಕೆಯು ಬದಲಾಯಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳಲ್ಲಿಯೂ ಬನವಾಸಿ 12000, ಸಾಂತಳಿಗೆ 1000, ನಾಗರಖಂಡ 70 ಎಂಬ ನಾಡುಗಳ ಹೆಸರುಗಳುಂಟು. ಆ ಅಂಕೆಗಳು ಗ್ರಾಮಗಳವೋ ಹುಟ್ಟುವಳಿಯವೋ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ ಹೆಸರುಗಳು ಮಾತ್ರ ಕಲ್ಲಿನಲ್ಲಿ ಉಳಿದಿವೆ.

ಶತಾಧಿಪತಿಗಳಲ್ಲಿ ಅನೇಕರು ಸಾಮಾನ್ಯ ಸಿಪಾಯಿಗಳಾಗಿ ಸೇರಿ, ವರುಷಗಟ್ಟಲೆ ದುಡಿದು ಮೇಲೆ ಬಂದವರು. ದ್ರಾಕ್ಷಾಬಳ್ಳಿಯ ಬೆತ್ತವು ಅವರ ಅಧಿಕಾರದ ಗುರುತು. ಆದದರಿಂದ ಸಾಮಂತನಿಗಿಂತಲೂ ನಮ್ಮ ದೇಶದ ಹಳೆಯ ಪಟಾಲಮುಗಳ ಸುಬೇದಾರನೇ ಅವನಿಗೆ ಸಮೀಪನು. 1923ರಲ್ಲಿ ಕೆಲಸವಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಂಥ ಸ್ಥಳದಲ್ಲಿ, ಮೇಲೆ ಇಂಜಿನಿಯರರೂ ಕೆಳಗೆ ಕೂಲಿಯವರೂ ಇರುವ ಮೇಸ್ತ್ರಿಯನ್ನು ನೆನೆದರೂ ಸಲ್ಲುವದು.

ಈ ಅರ್ಥವು ತಿಳಿದ ಮೇಲೆ ಕಪೆರ್ನೌಮಿನ ಶತಾಧಿಪತಿಯ ಮಾತು ಸ್ಪಷ್ಟವಾಗುತ್ತದೆ. ತಾನು ಮತ್ತೊಬ್ಬರ ಕೈಕೆಳಗಿರುವವನೆಂದು ಹೇಳಿದ ಬಳಿಕವೇ ಅವನು ತನ್ನ ಕೈಕೆಳಗಿನ ಸಿಪಾಯಿಗಳ ಮಾತೆತ್ತುತ್ತಾನೆ. ಅಪ್ಪಣೆಗೆ ತಲೆಬಾಗಿ ಬಾಳಿದವನಾದದರಿಂದ, ಕರ್ತನ ಒಂದು ಮಾತೇ ತನ್ನ ಸೇವಕನಿಗೆ ಸಾಕೆಂದು ಅವನು ನಂಬಿದನು.

ಪೌಲನನ್ನು ರೋಮಿಗೆ ಕರೆದೊಯ್ದ ಯೂಲ್ಯನ ವೃತ್ತಾಂತವು ಇನ್ನೂ ಗಮನಾರ್ಹವಾದದ್ದು. 276 ಮಂದಿಯಿದ್ದ ಹಡಗು ಒಡೆಯುತ್ತಿರಲು, ಸೆರೆಯವರು ಈಜಿ ತಪ್ಪಿಸಿಕೊಂಡಾರೆಂದು ಸಿಪಾಯಿಗಳು ಅವರನ್ನು ಕೊಲ್ಲಬೇಕೆಂದಿದ್ದರು. ಸೆರೆಯವನು ತಪ್ಪಿಸಿಕೊಂಡರೆ ಕಾವಲುಗಾರನ ಪ್ರಾಣಕ್ಕೇ ಅಪಾಯವಿತ್ತು. ಪೇತ್ರನು ಬಿಡುಗಡೆಯಾದಾಗ ಹೆರೋದನು ಕಾವಲುಗಾರರಿಗೆ ಮರಣದಂಡನೆ ವಿಧಿಸಲಿಲ್ಲವೇ? ಇಷ್ಟಿದ್ದರೂ ಯೂಲ್ಯನು ಪೌಲನನ್ನು ಉಳಿಸಬೇಕೆಂದು ಸಿಪಾಯಿಗಳನ್ನು ತಡೆದನು. ಎಲ್ಲರೂ ದಡ ಸೇರಿದರು.

ವಿದ್ಯಾರ್ಥಿನಿಯರೇ, ತರಗತಿಯ ಮುಖ್ಯಸ್ಥಳಾಗಿಯೋ ಮನೆಯ ಹಿರಿಯ ಮಗಳಾಗಿಯೋ ನಿಮಗೂ ಒಂದು ದಿನ ಅಧಿಕಾರವು ಬರುವದು. ಅದು ಕೈಗೆ ಬಂದಾಗ ಯಾರನ್ನು ರಕ್ಷಿಸುವದಕ್ಕೆ ಉಪಯೋಗವಾಯಿತೆಂದು ಯೂಲ್ಯನಂತೆ ನೀವೂ ಉತ್ತರ ಹೇಳುವಂತಿರಲಿ.