ಮಾಥೇರಾನ್: ಒಂದು ಪುಟ್ಟ ಪುರಸಭೆಯ ಪರಿಚಯ

ಮುಂಬಯಿಯಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರಿಗೆ ಸ್ಥಳೀಯ ಸ್ವರಾಜ್ಯವೆಂದರೆ ವಾರ್ಡು ಕಛೇರಿ. ನಳದಲ್ಲಿ ನೀರು ಬಾರದಿದ್ದಾಗ, ಗಟಾರ ಕಟ್ಟಿಕೊಂಡಾಗ, ಮಗುವಿನ ಜನನದ ದಾಖಲೆ ಬೇಕಾದಾಗ ಅಲ್ಲಿಗೆ ಹೋಗುತ್ತೇವೆ. ಕೆಲಸವಾದರೆ ಮರೆಯುತ್ತೇವೆ, ಆಗದಿದ್ದರೆ ಬೈಯುತ್ತೇವೆ. ನಮ್ಮ ನಗರಸೇವಕರ ಹೆಸರೇನೆಂದು ಕೇಳಿದರೆ ತಟ್ಟನೆ ಹೇಳಬಲ್ಲವರು ನಮ್ಮ ವಾಚನಾಲಯದ ಮೇಜಿನ ಸುತ್ತಲೂ ಬಹಳ ಮಂದಿ ಇರಲಾರರು. ಇದು ನಮ್ಮೊಬ್ಬರ ತಪ್ಪೆನ್ನುವಂತಿಲ್ಲ. 2011ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ 1,24,42,373. ಮಹಾನಗರಪಾಲಿಕೆಯ ಚುನಾಯಿತ ಸದಸ್ಯರು 227. ಎಂದರೆ ಒಬ್ಬೊಬ್ಬ ಸದಸ್ಯನ ಪಾಲಿಗೆ ಸುಮಾರು 55,000 ಜನ. ಇಷ್ಟು ಜನರನ್ನು ಯಾರು ತಾನೇ ಮುಖತಃ ಬಲ್ಲರು?

ಹಿಂದೆ ಹೀಗಿರಲಿಲ್ಲ. ಇಂದು ಉಪನಗರಗಳೆಂದು ಕರೆಯುವ ಊರುಗಳಲ್ಲಿ ಕೆಲವಕ್ಕೆ ತಮ್ಮವೇ ಆದ ಪುರಸಭೆಗಳಿದ್ದವು. ಬಾಂದ್ರಾಕ್ಕೆ 1876ರಲ್ಲಿಯೇ ಪುರಸಭೆ ಬಂದಿತ್ತು. ಕುರ್ಲಾಕ್ಕೂ ಬೇರೆ ಪುರಸಭೆ ಇತ್ತು. 1950ರಲ್ಲಿ ಮುಂಬಯಿಯ ಎಲ್ಲೆ ಪಶ್ಚಿಮದಲ್ಲಿ ಅಂಧೇರಿಯವರೆಗೂ ಪೂರ್ವದಲ್ಲಿ ಭಾಂಡುಪಿನವರೆಗೂ ಹಬ್ಬಿತು. 1957ರಲ್ಲಿ ದಹಿಸರ, ಮುಲುಂಡಗಳನ್ನು ಮುಟ್ಟಿತು. ಪುರಸಭೆಗಳು ಕರಗಿ ಇಂಗ್ಲಿಷು ವರ್ಣಮಾಲೆಯ ಒಂದೊಂದು ಅಕ್ಷರವಾದವು. ದೊಡ್ಡ ನಗರದ ನೀರು, ದೊಡ್ಡ ನಗರದ ಹಣ ಇವುಗಳಿಂದ ಉಪನಗರಗಳಿಗೆ ಆದ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚಿಕ್ಕ ಊರೊಂದು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ಹೇಗಿರುತ್ತದೆಂಬುದನ್ನು ಕಣ್ಣಾರೆ ಕಾಣಬೇಕಾದರೆ ಈಗ ನಾವು ಮುಂಬಯಿಯ ಹೊರಗೆ ಹೋಗಬೇಕು. ತೀರ ದೂರವೇನೂ ಅಲ್ಲ. ಕರ್ಜತ್ ಲೋಕಲಿನಲ್ಲಿ ಕುಳಿತು ನೇರಳಿನಲ್ಲಿ ಇಳಿದರೆ ಮಾಥೇರಾನ್ ತಲೆಯ ಮೇಲೆಯೇ ಇದೆ. ನಮ್ಮವರನೇಕರು ಅಲ್ಲಿಗೆ ಹೋಗಿ ಬಂದಿದ್ದಾರೆ. ಕುದುರೆ ಏರಿದ್ದಾರೆ, ಚಿಕ್ಕಿ ತಂದಿದ್ದಾರೆ. ಅದೊಂದು ಊರು, ಅಲ್ಲೊಂದು ಪುರಸಭೆ ಇದೆ ಎಂಬುದನ್ನು ಮಾತ್ರ ಕಂಡವರು ಕಡಿಮೆ.

ಮೊದಲು ನೆಲದ ಮಾತು. ಮಾಥೇರಾನ್ ರಾಯಗಡ ಜಿಲ್ಲೆಯ ಕರ್ಜತ್ ತಾಲೂಕಿಗೆ ಸೇರಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರ. ಸಹ್ಯಾದ್ರಿಯ ಮುಖ್ಯ ಸಾಲಿಗೆ ಅಂಟಿಕೊಳ್ಳದೆ, ಕರ್ಜತ್ ಮತ್ತು ಪನವೇಲ್ ಕಡೆಯ ಬಯಲುಗಳ ನಡುವೆ ಬೇರೆಯಾಗಿ ನಿಂತ ಬೆಟ್ಟ. ನೆತ್ತಿ ಚಪ್ಪಟೆ, ಅಂಚು ಕಡಿದಾದ ಪ್ರಪಾತ. ಈ ಅಂಚಿನ ಮೂಲೆಗಳನ್ನೇ ಪ್ರವಾಸಿಗಳು ‘ಪಾಯಿಂಟು’ಗಳೆನ್ನುವುದು: ಪನೋರಮಾ, ಲೂಯಿಸಾ, ಎಕೋ, ಪೋರ್ಕ್ಯುಪೈನ್, ಅಲೆಗ್ಸಾಂಡರ್ ಮುಂತಾದವು. ಕೆಳಗಿನ ಬಂಡೆ ದಖ್ಖಣದ ಎಲ್ಲ ಕಡೆ ಕಾಣುವ ಕಪ್ಪು ಶಿಲೆ. ಅದರ ಮೇಲೆ ಟೊಪ್ಪಿಗೆಯಂತೆ ಕುಳಿತಿರುವುದು ಜಂಬಿಟ್ಟಿಗೆ. ದಕ್ಷಿಣ ಕನ್ನಡದಲ್ಲಿ ಮುರಕಲ್ಲಿನ ಗೋಡೆಯ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮಾಥೇರಾನಿನ ಕೆಂಪು ದಾರಿಯನ್ನು ಕಂಡೊಡನೆ ಊರಿನ ನೆನಪಾಗದಿರದು. ನೇರಳ್ ಎಂಬ ಹೆಸರು ಕಿವಿಗೆ ಬಿದ್ದಾಗಲೂ ಹಾಗೆಯೇ. ಬೆಟ್ಟದ ಮೇಲೆ ನೇರಳೆಮರಗಳೂ ಧಾರಾಳವಾಗಿವೆ. ಆದರೆ ಹೆಸರಿಗೂ ಹಣ್ಣಿಗೂ ನಂಟು ಕಟ್ಟುವ ಸಾಹಸಕ್ಕೆ ನಾವು ಇಳಿಯುವುದಿಲ್ಲ. ‘ಮಾಥೇರಾನ್’ ಎಂಬುದಕ್ಕೆ ‘ತಲೆಯ ಮೇಲಿನ ರಾನು’, ಎಂದರೆ ನೆತ್ತಿಗಾಡು ಎಂಬ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ.

ಮಳೆ ವರ್ಷಕ್ಕೆ ಸುಮಾರು 5,000 ಮಿಲಿಮೀಟರು, ಮುಂಬಯಿಯ ಎರಡು ಪಾಲು. ಇಷ್ಟು ಸುರಿದರೂ ನೀರು ನಿಲ್ಲುವುದಿಲ್ಲ. ಚಪ್ಪಟೆ ನೆತ್ತಿಯಿಂದ ಜಾರಿ ಪ್ರಪಾತಕ್ಕೆ ಬೀಳುತ್ತದೆ. ಅದನ್ನು ತಡೆದು ಮಾಡಿದ ಶಾರ್ಲೆಟ್ ಸರೋವರವೇ ಊರಿನ ಕುಡಿಯುವ ನೀರಿನ ಹಳೆಯ ಆಸರೆ. ಕಾಡು ಉಳಿದರೆ ನೀರು, ನೀರಿದ್ದರೆ ಊರು. ಪುರಸಭೆಯ ಅರ್ಧ ರಾಜಕೀಯವೆಲ್ಲ ಇದರಲ್ಲಿಯೇ ಅಡಗಿದೆ.

ಇನ್ನು ಚರಿತ್ರೆ. 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬವನು ಬೆಟ್ಟದ ಬುಡದ ಚೌಕ್ ಗ್ರಾಮದಲ್ಲಿ ಬಿಡಾರ ಮಾಡಿದ್ದಾಗ ಮೇಲೆ ಹತ್ತಿ ಹೋಗಿ ಮಾಥೇರಾನನ್ನು ‘ಕಂಡುಹಿಡಿದನು’ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಬೆಟ್ಟದ ಇಳಿಜಾರುಗಳಲ್ಲಿ ಧನಗರರೂ ಠಾಕೂರರೂ ಕಾತಕರಿಗಳೂ ಅದಕ್ಕೂ ಎಷ್ಟೋ ಮೊದಲಿನಿಂದ ಬಾಳುತ್ತಿದ್ದರು. ದನ ಕಾಯುತ್ತಿದ್ದರು, ಸೌದೆ ಜೇನು ತರುತ್ತಿದ್ದರು. ಅವರು ಕಂಡದ್ದು ಲೆಕ್ಕಕ್ಕೆ ಬರಲಿಲ್ಲ. 1853ರಿಂದ 1860ರವರೆಗೆ ಮುಂಬಯಿಯ ಗವರ್ನರನಾಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ ಇಲ್ಲಿ ಮನೆ ಮಾಡಿದ ಮೇಲೆ ಬೆಟ್ಟದ ಅದೃಷ್ಟ ಖುಲಾಯಿಸಿತು. ದೊರೆಗಳು ಬಂದರು, ಅವರ ಹಿಂದೆ ಪಾರಸಿ, ಬೋಹರಾ, ಗುಜರಾತಿ ಶ್ರೀಮಂತರು ಬಂದರು. ಇವರ ಚಾಕರಿಗಾಗಿ ಕೆಳಗಿನ ಹಳ್ಳಿಗಳಿಂದ ಹಮಾಲರು, ಭಿಸ್ತಿಗಳು, ಕ್ಷೌರಿಕರು, ಅಡಿಗೆಯವರು ಬಂದರು. ಈ ಎರಡನೆಯ ಗುಂಪಿನಿಂದಲೇ ಊರು ಆದದ್ದು. ದೊರೆಗಳು ಮಳೆ ಬಿದ್ದೊಡನೆ ಇಳಿದುಹೋದರು, ಇವರು ಉಳಿದರು.

ಗಾಡಿಯ ಕಥೆಯನ್ನು ಎಲ್ಲರೂ ಬಲ್ಲರಾದ್ದರಿಂದ ಚಿಕ್ಕದಾಗಿ ಹೇಳುತ್ತೇವೆ. ಮುಂಬಯಿಯ ಸರ್ ಆದಮ್‌ಜೀ ಪೀರ್‌ಭಾಯಿಯವರ ಮಗ ಅಬ್ದುಲ್ ಹುಸೇನರು ತಂದೆಯ ಹಣದಿಂದ, 16 ಲಕ್ಷ ರೂಪಾಯಿ ವೆಚ್ಚ ಮಾಡಿ, ಎರಡಡಿ ಅಗಲದ ಹಳಿಯನ್ನು ಹಾಕಿಸಿದರು. 1907ರಲ್ಲಿ ಗಾಡಿ ಓಡಿತು. ನೇರಳಿನಿಂದ ಸುಮಾರು 21 ಕಿಲೋಮೀಟರು. ಜುಮ್ಮಾಪಟ್ಟಿ, ವಾಟರ್ ಪೈಪ್, ಅಮನ್ ಲಾಜ್ ಎಂಬ ನಿಲ್ದಾಣಗಳು. ಮೊದಲ ಉಗಿಯಂತ್ರಗಳು ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಾರ್ಖಾನೆಯವು. 2005ರ ಜುಲೈ ಮಳೆಯಲ್ಲಿ ಹಳಿ ಕೊಚ್ಚಿಹೋಗಿ 2007ರಲ್ಲಿ ಮತ್ತೆ ಓಡಿತು. 2019ರ ಮಳೆಗೆ ಮತ್ತೆ ಕೆಟ್ಟು, ಪೂರ್ಣ ಮಾರ್ಗ ತೆರೆದದ್ದು 2022ರಲ್ಲಿ. ಒಂದು ಊರಿನ ಜೀವನಾಡಿ ಹೀಗೆ ವರ್ಷಗಟ್ಟಲೆ ನಿಂತಾಗ ಅದರ ಪುರಸಭೆ ಮಾಡಬಲ್ಲದ್ದು ಮನವಿ ಬರೆಯುವುದೊಂದೇ. ಹಳಿ ರೈಲ್ವೆಯದು, ರೈಲ್ವೆ ದಿಲ್ಲಿಯದು.

ಪುರಸಭೆ ಹುಟ್ಟಿದ್ದು 1905ರಲ್ಲಿ, ಗಾಡಿಗಿಂತ ಎರಡು ವರ್ಷ ಮೊದಲು. ಅದಕ್ಕೂ ಹಿಂದೆ ಸರಕಾರ ನೇಮಿಸಿದ ಅಧೀಕ್ಷಕನೇ ಇಲ್ಲಿ ಸರ್ವಾಧಿಕಾರಿ. ಪುರಸಭೆ ಬಂದರೂ ಅಧೀಕ್ಷಕನ ಹುದ್ದೆ ಹೋಗಲಿಲ್ಲ. ಬೆಟ್ಟದ ನೆಲದ ಬಹುಭಾಗ ಸರಕಾರದ್ದೇ, ಮನೆ ಬಂಗಲೆಗಳ ನಿವೇಶನಗಳು ಗೇಣಿಯ ಮೇಲೆ ಕೊಟ್ಟವು. ಹೀಗಾಗಿ ಊರ ಬೀದಿ ಗುಡಿಸುವುದು ಒಬ್ಬರು, ಊರ ನೆಲದ ಯಜಮಾನಿಕೆ ಇನ್ನೊಬ್ಬರದು.

ಆ ಪುರಸಭೆಯ ಉಪಾಧ್ಯಕ್ಷರಾಗಿದ್ದ ಒಬ್ಬರ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ವಿಠ್ಠಲ ಲಕ್ಷ್ಮಣ ಕೋತ್ವಾಲ್, ಜನರ ಬಾಯಲ್ಲಿ ಭಾಯಿ ಕೋತ್ವಾಲ್, 1912ರ ಡಿಸೆಂಬರ್ 1ರಂದು ಮಾಥೇರಾನಿನ ಬಡ ಕ್ಷೌರಿಕ ಕುಟುಂಬವೊಂದರಲ್ಲಿ ಹುಟ್ಟಿದರು. ದೊರೆಗಳ ಗಡ್ಡ ಹೆರೆಯುವುದಕ್ಕೆ ಬೆಟ್ಟ ಹತ್ತಿದ ಜನರ ಮನೆಯ ಹುಡುಗ ಕಾನೂನು ಓದಿ ವಕೀಲರಾದರು. ಓದಿದ ಮೇಲೆ ಮುಂಬಯಿಯಲ್ಲಿ ಉಳಿದು ಹಣ ಮಾಡಬಹುದಿತ್ತು. ಅವರು ಹಿಂದಿರುಗಿ ಬಂದು ಬೆಟ್ಟದ ಕೆಳಗಿನ ರೈತರ ಮಕ್ಕಳಿಗೆ ಶಾಲೆಗಳನ್ನು ತೆರೆದರು. ಸಾಹುಕಾರರಿಂದ ಬೀಜಕ್ಕೂ ಕೂಳಿಗೂ ಸಾಲ ತಂದು ಮುಳುಗುತ್ತಿದ್ದವರಿಗಾಗಿ ಧಾನ್ಯದ ಸಹಕಾರಿ ಉಗ್ರಾಣಗಳನ್ನು ನಡೆಸಿದರು. 1941ರಲ್ಲಿ ಮಾಥೇರಾನ್ ಪುರಸಭೆಯ ಉಪಾಧ್ಯಕ್ಷರಾಗಿ ಚುನಾಯಿತರಾದರು. ಮರುವರ್ಷ ಚಲೇಜಾವ್ ಚಳವಳಿ ಬಂತು. ಭಾಯಿ ಕೋತ್ವಾಲರು ‘ಆಜಾದ್ ದಸ್ತಾ’ ಎಂಬ ಗುಂಪು ಕಟ್ಟಿ, ಮುಂಬಯಿಯ ಗಿರಣಿ ಕಾರ್ಖಾನೆಗಳಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದ ಕಬ್ಬಿಣದ ಕಂಬಗಳನ್ನು ಕಾಡಿನ ನಡುವೆ ಕೊಯ್ದು ಉರುಳಿಸತೊಡಗಿದರು. ಸರಕಾರ ತಲೆಗೆ ಬೆಲೆ ಕಟ್ಟಿತು. 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಪೊಲೀಸರು ಸುತ್ತುವರಿದು ಹೊಡೆದ ಗುಂಡಿಗೆ ಅವರೂ ಸಂಗಡಿಗ ಹಿರಾಜಿ ಪಾಟೀಲರೂ ಬಲಿಯಾದರು. ಕೋತ್ವಾಲರಿಗೆ ಆಗ ವಯಸ್ಸು ಮೂವತ್ತು.

ಕಂಬ ಉರುಳಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಧಾನ್ಯದ ಉಗ್ರಾಣವನ್ನೂ ಪುರಸಭೆಯ ಕುರ್ಚಿಯನ್ನೂ ಅಷ್ಟಾಗಿ ನೆನೆಯುವುದಿಲ್ಲ. ನಮಗೆ ತೋರುವಂತೆ ಮೊದಲಿನದಕ್ಕೆ ಜನ ಅವರ ಹಿಂದೆ ಬಂದದ್ದು ಎರಡನೆಯದರ ಬಲದಿಂದ. ಊರಿನ ಚರಂಡಿ ಶಾಲೆಗಳ ಮಾತನ್ನಾಡಿ ಪರಿಚಿತನಾದವನು ಕರೆದಾಗ ಕಾಡಿಗೂ ಹೋಗುತ್ತಾರೆ.

ಈಗಿನ ಆಡಳಿತಕ್ಕೆ ಬರೋಣ. ಸಂಸ್ಥೆಯ ಪೂರ್ಣ ಹೆಸರು ‘ಮಾಥೇರಾನ್ ಗಿರಿಸ್ಥಾನ ನಗರಪರಿಷದ್’. 1965ರ ಮಹಾರಾಷ್ಟ್ರ ನಗರಪರಿಷತ್ತುಗಳ ಕಾನೂನು ಇದಕ್ಕೆ ಆಧಾರ. 2018ರ ಚುನಾವಣೆಯಲ್ಲಿ ಇಲ್ಲಿ ಹದಿನೇಳು ಸದಸ್ಯಸ್ಥಾನಗಳಿದ್ದವು. ಅಧ್ಯಕ್ಷರನ್ನು ಮತದಾರರೇ ನೇರವಾಗಿ ಆರಿಸಿದರು. ಊರಿನ ಜನಸಂಖ್ಯೆ 2011ರಲ್ಲಿ 4,393. ಒಬ್ಬ ಸದಸ್ಯನಿಗೆ ಸುಮಾರು 260 ಜನ! ನಮ್ಮ ಮುಂಬಯಿಯ ಒಂದು ದೊಡ್ಡ ಚಾಳಿನಷ್ಟು. ಇಲ್ಲಿ ಸದಸ್ಯನು ಬೆಳಿಗ್ಗೆ ಹಾಲಿಗೆ ಹೊರಟಾಗಲೇ ಮತದಾರನ ಕೈಗೆ ಸಿಕ್ಕಿಬೀಳುತ್ತಾನೆ. ದೈನಂದಿನ ಆಡಳಿತಕ್ಕೆ ಮುಖ್ಯಾಧಿಕಾರಿಯನ್ನು ರಾಜ್ಯಸರಕಾರ ಕಳುಹಿಸುತ್ತದೆ. ಬೆಟ್ಟಕ್ಕೆ ಬಂದ ಪ್ರವಾಸಿಗಳಿಂದ ಪರಿಷತ್ತು ತಲೆಗಿಷ್ಟೆಂದು ಕರ ವಸೂಲು ಮಾಡುತ್ತದೆ. ನಮ್ಮ ನಾಡಿನ ಕೆಮ್ಮಣ್ಣುಗುಂಡಿಯನ್ನು ಇದರೊಡನೆ ಹೋಲಿಸಿ ನೋಡಬಹುದು: ಅದೂ ಗಿರಿಧಾಮವೇ, ಆದರೆ ತೋಟಗಾರಿಕೆ ಇಲಾಖೆಯ ಆಡಳಿತಕ್ಕೆ ಒಳಪಟ್ಟದ್ದು, ಅಲ್ಲಿ ಮತ ಹಾಕಿ ಆರಿಸುವ ಪುರಸಭೆ ಇಲ್ಲ.

ಹಾಗಾದರೆ ಮಾಥೇರಾನಿನವರು ಸ್ವತಂತ್ರರೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ನೆಲ ಅಧೀಕ್ಷಕರದ್ದು, ಕಾಡು ಅರಣ್ಯ ಇಲಾಖೆಯದ್ದು, ಹಳಿ ರೈಲ್ವೆಯದ್ದು. 2003ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಮಾಥೇರಾನನ್ನೂ ಸುತ್ತಲ ಪ್ರದೇಶವನ್ನೂ ಸೇರಿಸಿ 214.73 ಚದರ ಕಿಲೋಮೀಟರನ್ನು ಪರಿಸರಸೂಕ್ಷ್ಮ ವಲಯವೆಂದು ಸಾರಿತು. ಮೋಟಾರು ಮೊದಲಿನಿಂದಲೂ ಊರೊಳಗೆ ಬರುವಂತಿಲ್ಲ. ಇತ್ತೀಚಿನವರೆಗೆ ದಸ್ತೂರಿ ನಾಕಾದಲ್ಲಿ ಇಳಿದು ನಡೆಯಬೇಕಾಗಿತ್ತು, ಇಲ್ಲವೇ ಕುದುರೆ, ಇಲ್ಲವೇ ಮನುಷ್ಯರು ಎಳೆಯುವ ಗಾಡಿ. ಮುಂಬಯಿಯ ಹೊಗೆ ಕುಡಿದು ಬಂದವರಿಗೆ ಇದು ಸ್ವರ್ಗ. ಬಸುರಿಯನ್ನು ಬೆಟ್ಟ ಇಳಿಸಬೇಕಾದ ಮನೆಯವರಿಗೆ, ಅಕ್ಕಿಮೂಟೆಯನ್ನು ಕುದುರೆಯ ಬಾಡಿಗೆ ತೆತ್ತು ತರಿಸಿಕೊಳ್ಳುವವರಿಗೆ, ಅದರ ಲೆಕ್ಕ ಬೇರೆ. 2001ರಲ್ಲಿ 5,139 ಇದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಮೇಲೆ ಹೇಳಿದ ಅಂಕಿಗೆ ಇಳಿದದ್ದನ್ನು ಗಮನಿಸಬೇಕು. ಪ್ರವಾಸಿಗಳು ಹೆಚ್ಚುತ್ತಿರುವ ಊರಿನಿಂದ ನಿವಾಸಿಗಳು ಕಡಿಮೆಯಾಗುವುದೆಂದರೆ ಅದು ಯೋಚಿಸತಕ್ಕ ವಿಷಯ.

ಈ ಕೈಗಾಡಿಯ ಪ್ರಶ್ನೆಯೇ ಇತ್ತೀಚೆಗೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪರವಾನಿಗೆ ಇದ್ದವರು 94 ಜನ. ಏರಿನಲ್ಲಿ ಮುಂದೆ ಒಬ್ಬ ಎಳೆದು, ಹಿಂದೆ ಒಬ್ಬಿಬ್ಬರು ನೂಕಿ, ಕುಳಿತವರನ್ನು ಹೊತ್ತೊಯ್ಯುವ ಕೆಲಸ. ವಿದ್ಯುತ್ ರಿಕ್ಷಾಗಳನ್ನು ತಮಗೆ ಕೊಡಿರೆಂದು ಎಳೆಯುವವರೇ ಬೇಡಿದರು. ಇಂದು ವಿದ್ಯುತ್ ರಿಕ್ಷಾ, ನಾಳೆ ಅದರ ಹಿಂದೆಯೇ ಮೋಟಾರು ಎಂದು ಹೆದರಿದವರೂ, ಹೊಟ್ಟೆಪಾಡಿಗೆ ಪೆಟ್ಟು ಬೀಳುವುದೆಂದು ಅಂಜಿದ ಕುದುರೆಯವರೂ ವಿರೋಧಿಸಿದರು. ಮಣ್ಣಿನ ದಾರಿಗೆ ಕಾಂಕ್ರೀಟಿನ ಹಾಸುಬಿಲ್ಲೆ ಹಾಕಬಹುದೇ ಎಂಬುದು ಜೊತೆಗಿದ್ದ ಇನ್ನೊಂದು ವ್ಯಾಜ್ಯ. 2022ರ ಡಿಸೆಂಬರಿನಲ್ಲಿ ಏಳು ವಿದ್ಯುತ್ ರಿಕ್ಷಾಗಳಿಂದ ಪ್ರಯೋಗ ಆರಂಭವಾಯಿತು. ಕೊನೆಗೆ 2025ರ ಆಗಸ್ಟ್ 6ರಂದು ನ್ಯಾಯಾಲಯವು, ಮನುಷ್ಯನನ್ನು ಮನುಷ್ಯ ಎಳೆಯುವ ಗಾಡಿ ಸಂವಿಧಾನದ ಘನತೆಯ ಮಾತಿಗೆ ಸಲ್ಲದೆಂದು ಹೇಳಿ, ಆರು ತಿಂಗಳೊಳಗೆ ಅದನ್ನು ನಿಲ್ಲಿಸತಕ್ಕದ್ದೆಂದೂ ಎಳೆಯುವವರ ಪುನರ್ವಸತಿಗೆ ಸರಕಾರ ಯೋಜನೆ ಮಾಡತಕ್ಕದ್ದೆಂದೂ ಆಜ್ಞಾಪಿಸಿತು. ಹಾಸುಬಿಲ್ಲೆಗಳನ್ನು ದಸ್ತೂರಿ ನಾಕಾದಿಂದ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಗೆ ಮಾತ್ರ ಸೀಮಿತಗೊಳಿಸಿ, ಒಳದಾರಿಗಳಿಗೆ ಬೇಡವೆಂದಿತು.

ತೀರ್ಪು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೂ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುತ್ತದೆ. ಒಂದು ಪುಟ್ಟ ಊರಿನ 94 ಮಂದಿಯ ದುಡಿಮೆ, ಒಂದು ರಸ್ತೆಯ ಹಾಸುಗಲ್ಲು, ಇವೆರಡನ್ನು ಇತ್ಯರ್ಥ ಮಾಡಲು ದಿಲ್ಲಿಯ ನ್ಯಾಯಾಸನವೇ ಬೇಕಾಯಿತು. ಆ ತೀರ್ಪು ಬಂದಾಗ ಮಾಥೇರಾನಿನಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. 2023ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಯಲ್ಲಿ ಊರಿತ್ತು. ಆದರೆ ನಗುವ ಹಕ್ಕು ನಮಗಿಲ್ಲ. ನಮ್ಮ ಮುಂಬಯಿಯ ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದು, ಮೂರು ವರ್ಷಕ್ಕೂ ಮಿಕ್ಕಿದ ಕಾಲ ಒಬ್ಬ ಸದಸ್ಯನೂ ಇಲ್ಲದೆ ಕಳೆಯಿತು. ಆಗ ಮಾಥೇರಾನಿನಲ್ಲಿದ್ದದ್ದು ಹದಿನೇಳು ಕುರ್ಚಿ, ನಮ್ಮಲ್ಲಿ 227; ಖಾಲಿ ಇದ್ದಾಗ ಎರಡೂ ಒಂದೇ.

ಮುಂದಿನ ಸಲ ಬೆಟ್ಟಕ್ಕೆ ಹೋಗುವ ವಾಚಕರಲ್ಲಿ ಒಂದು ಬಿನ್ನಹ. ಊರ ಬಾಗಿಲಲ್ಲಿ ಕರ ತೆತ್ತಾಗ ಕೊಡುವ ಚೀಟಿಯನ್ನು ಮುದುರಿ ಎಸೆಯಬೇಡಿ. ಅದು ಭಾಯಿ ಕೋತ್ವಾಲರು ಕುಳಿತಿದ್ದ ಸಭೆಯ ಚೀಟಿ. ಬಜಾರಿನ ದಾರಿಯಲ್ಲಿ ಹೋಗುವಾಗ ನಗರಪರಿಷತ್ತಿನ ಕಛೇರಿಯನ್ನು ವಿಚಾರಿಸಿ, ಒಳಹೊಕ್ಕು, ಫಲಕದ ಮೇಲೆ ಏನು ಬರೆದಿದೆಯೆಂದು ಓದಿ ಬನ್ನಿರಿ. ನೀರಿನ ವಿಷಯ ಏನಾದರೂ ಕಂಡರೆ ಗುರುತು ಹಾಕಿಕೊಂಡು ನಮ್ಮ ವಾಚನಾಲಯಕ್ಕೆ ತಂದುಕೊಡಿರಿ.