ಹರಿವಾಸರದಲ್ಲಿ ಔಷಧಸೇವನೆ: ಒಂದು ವಿಚಾರ

ಒಂದು ದ್ವಾದಶಿಯ ಪ್ರಾತಃಕಾಲದಲ್ಲಿ ತೀರ್ಥಕ್ಕಾಗಿ ಕೈಯೊಡ್ಡಿ ನಿಂತಿದ್ದ ವೃದ್ಧರೊಬ್ಬರು ನಮ್ಮ ಕಣ್ಣೆದುರಿನಲ್ಲಿಯೇ ಕುಸಿದರು. ಮಧುಮೇಹಿಗಳಾದ ಅವರು ಎಂದಿನಂತೆ ಇನ್ಸುಲಿನ್ ಚುಚ್ಚಿಸಿಕೊಂಡು, ಏಕಾದಶಿಯಂದು ನಿರಾಹಾರರಾಗಿದ್ದರು. ಸಕ್ಕರೆಯ ನೀರನ್ನು ಕೊಡಹೋದರೆ, ಪಾರಣೆಗೆ ಮೊದಲು ಬೇಡವೆಂದು ತಲೆಯಾಡಿಸಿದರು. ಸಕಾಲದಲ್ಲಿ ಚಿಕಿತ್ಸೆ ದೊರೆತು ಚೇತರಿಸಿಕೊಂಡ ಬಳಿಕ ಅವರು ಮೊದಲು ಕೇಳಿದುದು, "ನನ್ನ ವ್ರತ ಕೆಟ್ಟಿತೇ?" ಎಂದು. ಈ ಪ್ರಶ್ನೆಗೆ ಉತ್ತರವನ್ನು ವಿಚಾರಿಸುವುದು ನಮ್ಮೆಲ್ಲರ ಕರ್ತವ್ಯ.

ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಉಪವಾಸವನ್ನು ದೃಢವಾಗಿ ವಿಧಿಸಿದ್ದಾರೆ. ಶಕ್ತರಾದವರು ಅದನ್ನು ಬಿಡಲಾಗದು. ಆದರೆ ಧರ್ಮಶಾಸ್ತ್ರವು ಶಕ್ತಿಯನ್ನೂ ಅಳೆಯುತ್ತದೆ. ಎಂಟು ವರ್ಷ ತುಂಬದ ಬಾಲಕರಿಗೂ, ಎಂಬತ್ತು ದಾಟಿದ ವೃದ್ಧರಿಗೂ ನಿರ್ಬಂಧವಿಲ್ಲ. ವಿದುರನು ಧೃತರಾಷ್ಟ್ರನಿಗೆ ನೀತಿಯನ್ನು ಹೇಳುವಾಗ ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಎಣಿಸುತ್ತಾನೆ. ಜಲ, ಮೂಲ, ಫಲ, ಹಾಲುಗಳೊಡನೆ ಔಷಧವೂ ಅವುಗಳಲ್ಲಿ ಸೇರಿದೆ. ಆದುದರಿಂದ ರೋಗಿಯು ಔಷಧವನ್ನು ಸೇವಿಸಿ, ಅಗತ್ಯವಿದ್ದಷ್ಟು ಹಾಲುಹಣ್ಣುಗಳನ್ನು ಸ್ವೀಕರಿಸಿದರೆ ವ್ರತಭಂಗವೆಂದು ಕೊರಗಬೇಕಾಗಿಲ್ಲ.

"ಕಾಯುವವನು ಹರಿಯೇ ಆಗಿರುವಾಗ ಗುಳಿಗೆಯೇಕೆ?" ಎಂದು ಕೆಲವರು ಕೇಳುವುದುಂಟು. ಹಸಿವನ್ನು ನೀಗಿಸುವವನೂ ಹರಿಯೇ. ಆದರೂ ನಾವು ಅನ್ನವನ್ನು ಉಣ್ಣುತ್ತೇವಲ್ಲವೇ? ನಾವು ನಿತ್ಯವೂ ಪಠಿಸುವ ವಿಷ್ಣುಸಹಸ್ರನಾಮದಲ್ಲಿ ಭೇಷಜ, ಭಿಷಕ್ ಎಂಬ ನಾಮಗಳು ಒಂದರ ಬೆನ್ನಿಗೊಂದು ಬರುತ್ತವೆ. ಔಷಧವೂ ಅವನೇ, ವೈದ್ಯನೂ ಅವನೇ. ಮದ್ದಿನಲ್ಲಿ ಗುಣವಾಗಿಯೂ, ವೈದ್ಯನಲ್ಲಿ ಜ್ಞಾನವಾಗಿಯೂ ಇರುವ ಶಕ್ತಿಯು ಅಂತರ್ಯಾಮಿಯ ಅಧೀನವೆಂದು ತಿಳಿದು ಸೇವಿಸುವುದೇ ವೈಷ್ಣವನ ಅನುಸಂಧಾನ. ಔಷಧವನ್ನು ತೊರೆಯುವುದು ಭಕ್ತಿಯ ಲಕ್ಷಣವಲ್ಲ.

ಇನ್ನು ವ್ಯವಹಾರದ ಮಾತು. ಇನ್ಸುಲಿನ್ ಹಾಗೂ ಮಧುಮೇಹದ ಕೆಲವು ಗುಳಿಗೆಗಳು, ಹೊಟ್ಟೆಯಲ್ಲಿ ಆಹಾರವಿಲ್ಲದಿದ್ದರೂ ರಕ್ತದ ಸಕ್ಕರೆಯನ್ನು ತಗ್ಗಿಸುತ್ತವೆ. ಬೆವರು, ನಡುಕ, ಮಾತಿನ ತೊದಲು, ಮಂಕು ಇವು ಅದರ ಸೂಚನೆಗಳು. ಆಗ ತಿಥಿಯನ್ನು ನೋಡದೆ ಸಿಹಿಯನ್ನು ಕೊಡಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹಾಗೆಂದು ಇನ್ಸುಲಿನ್ನನ್ನು ತಾವಾಗಿಯೇ ಬಿಟ್ಟುಬಿಡುವುದೂ ಅಪಾಯಕರ. ಏಕಾದಶಿಗೆ ಕೆಲವು ದಿನ ಮೊದಲೇ ಉಪವಾಸದ ಅವಧಿಯನ್ನೂ ಪಾರಣೆಯ ವೇಳೆಯನ್ನೂ ವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ನಡೆಯಬೇಕು. ವೈದ್ಯರು ಗದರಿಸುವರೆಂದು ವ್ರತವನ್ನು ಮುಚ್ಚಿಡುವುದು, ಮನೆಯವರು ಆಕ್ಷೇಪಿಸುವರೆಂದು ಗುಳಿಗೆಯನ್ನು ಮುಚ್ಚಿಡುವುದು ಎರಡೂ ಸಲ್ಲದು. ಹಿರಿಯರು ಸಂಕೋಚವಿಲ್ಲದೆ ಹೇಳಿಕೊಳ್ಳುವಂತೆ ಮಾಡುವ ಹೊಣೆ ಮಕ್ಕಳು ಸೊಸೆಯಂದಿರದು.

ಗೋಪಾಲದಾಸರು ಧನ್ವಂತರಿಯಲ್ಲಿ ಮೊರೆಯಿಟ್ಟುದು ಭವರೋಗದ ಪರಿಹಾರಕ್ಕಾಗಿ. ಆ ಚಿಕಿತ್ಸೆಯು ದೀರ್ಘವಾದುದು. ಸಾಧನೆಗೆ ಶರೀರವು ಬೇಕು. ಅಂದು ಕುಸಿದ ಹಿರಿಯರು ಈಗ ಏಕಾದಶಿಯಂದು ಗುಳಿಗೆಯನ್ನೂ ಹಾಲನ್ನೂ ಧನ್ವಂತರಿಸ್ಮರಣೆಯೊಡನೆ ಸ್ವೀಕರಿಸಿ, ಸಂಜೆಯ ಪ್ರವಚನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥