ಬಟ್ಟೆಯ ಬೀರುವಿನಲ್ಲಿ ಗಿಡ ಬೆಳೆದೀತೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಲಗುವ ಕೋಣೆಯಲ್ಲಿ ಗೋಡೆಯೊಳಗೇ ಕಟ್ಟಿಸಿದ ದೊಡ್ಡ ಬೀರು ಇದೆ. ಮಳೆಗಾಲ ಬಂತೆಂದರೆ ಅದರಲ್ಲಿಟ್ಟ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಖಾಲಿ ಬಿಟ್ಟಿದ್ದೇವೆ. ಅತ್ತ ಅಂಗಳದಲ್ಲಿ ಹೂವಿನ ಗಿಡ, ತರಕಾರಿ ಸಸಿ ಏನೇ ಹಾಕಿದರೂ ಆರಿದ್ರಾ ಮಳೆಗೇ ಕೊಳೆತು ಹೋಗುತ್ತವೆ. ಈ ಬೀರುವಿಗೇ ಲೈಟ್ ಹಾಕಿ ಗಿಡ ಬೆಳೆಸಬಹುದೇ? ಅಂಗಡಿಯಲ್ಲಿ ನೇರಳೆ ಬೆಳಕಿನ ‘ಗ್ರೋ ಲೈಟ್’ ತೋರಿಸಿದರು. ಅದೇ ಬೇಕೇ?

ಉತ್ತರ: ಬೆಳೆಸಬಹುದು. ನೇರಳೆ ಲೈಟ್ ಬೇಡ. ಆದರೆ ಬಟ್ಟೆಗೆ ಬೂಷ್ಟು ಹಿಡಿಸಿದ ಬೀರು ಗಿಡವನ್ನೂ ಸುಮ್ಮನೆ ಬಿಡುವುದಿಲ್ಲ. ಬಟ್ಟೆ ಕೆಟ್ಟಿದ್ದು ಯಾಕೆ ಎಂದು ಮೊದಲು ನೋಡಿ ಸರಿಪಡಿಸಿಕೊಳ್ಳಿ, ಲೈಟಿನ ಖರ್ಚು ಆಮೇಲಿರಲಿ.

ಮನೆಯೊಳಗೆ ಗಿಡ ಬೆಳೆಸುವ ಬಗ್ಗೆ ಈಗ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಿಗೆ ಹೇಳಿದಂಥವು. ಎಲೆಗೆ ದಿನವೂ ನೀರು ಚಿಮುಕಿಸಿ, ಪ್ಲಾಸ್ಟಿಕ್ ಮುಚ್ಚಿ ತೇವ ಹಿಡಿದಿಡಿ, ಬಾಗಿಲು ಹಾಕಿಡಿ ಎನ್ನುತ್ತಾರೆ. ಬೆಂಗಳೂರಿನ ಫ್ಲ್ಯಾಟಿಗೆ, ಬಳ್ಳಾರಿಯ ಬೇಸಿಗೆಗೆ ಅದು ಸರಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ನಿಮ್ಮ ತಾಲ್ಲೂಕಿನ ಹುಲಿಕಲ್ಲೂ ಆ ಲೆಕ್ಕದಲ್ಲಿ ಹಿಂದೆ ಬಿದ್ದ ಊರಲ್ಲ. ಆರಿದ್ರಾದಿಂದ ಆಶ್ಲೇಷದವರೆಗೆ ಗಾಳಿಯೇ ನೆನೆದಿರುವ ಸೀಮೆಯಲ್ಲಿ ಗಿಡಕ್ಕೆ ತೇವ ಕೂಡಿಸಿ ಕೊಡುವ ಕೆಲಸವೇ ಇಲ್ಲ. ಇಲ್ಲಿ ಕೊರತೆಯಾಗುವುದು ಬೆಳಕು ಮತ್ತು ಗಾಳಿಯ ಓಡಾಟ. ಮೋಡ ಕವಿದ ಆಕಾಶ, ಇರಚಲು ಹೊಡೆಯದಂತೆ ಜಗಲಿಗೆ ಕಟ್ಟಿದ ಸೋಗೆ ತಟ್ಟಿ ಅಥವಾ ಟಾರ್ಪಾಲು, ಅದರ ಹಿಂದೆ ಕಿಟಕಿ ಮುಚ್ಚಿದ ಕೋಣೆ, ಕೋಣೆಯೊಳಗೆ ಬೀರು. ಅಷ್ಟು ದಾಟಿ ಒಳಗೆ ಹೋಗುವ ಬೆಳಕು ಲೆಕ್ಕಕ್ಕೇ ಇಲ್ಲ.

ಪೆಟ್ಟಿಗೆಯೊಳಗೆ ಗಿಡ ಬೆಳೆಸಿದ ಹಳೆಯ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್, ಪತಂಗದ ಕೋಶವೊಂದನ್ನು ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಅದು 1829ರ ಸುಮಾರು. ಆ ಮಣ್ಣಿನಲ್ಲಿ ಜರೀಗಿಡ ಹುಟ್ಟಿತು. ಊರಿನ ಕಲ್ಲಿದ್ದಲ ಹೊಗೆಗೆ ಅವರ ತೋಟದ ಜರೀಗಿಡಗಳು ಸಾಯುತ್ತಿದ್ದವು, ಬಾಟಲಿಯೊಳಗಿನದು ಮಾತ್ರ ಚೆನ್ನಾಗಿ ಬೆಳೆಯಿತು. ಅದನ್ನು ನೋಡಿ ಅವರು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಗಿಡ ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಪ್ರಯಾಣ ಮಾಡಿಯೂ ಗಿಡ ಬದುಕಿದ್ದವು. ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು, ದಕ್ಷಿಣ ಅಮೆರಿಕದ ಸಿಂಕೋನ ನೀಲಗಿರಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲೇ. ಉಪ್ಪುಗಾಳಿ, ಹೊಗೆ ತಾಗದಂತೆ ಮುಚ್ಚಿದ ಪೆಟ್ಟಿಗೆ ಅದು, ನಿಜ. ಆದರೆ ಬೆಳಕಿಗೆ ಅಡ್ಡಿ ಇರಲಿಲ್ಲ, ಮೇಲಿಂದ ಗಾಜಿತ್ತು. ನಿಮ್ಮ ಬೀರುವಿನಲ್ಲಿ ಮುಚ್ಚಿಗೆ ಇದೆ, ಬೆಳಕಿಲ್ಲ. ಮೇಲಾಗಿ ಆ ಮುಚ್ಚಿಗೆಯೇ ನಮ್ಮ ಹವೆಗೆ ಬೇಡ.

ಮೊದಲ ಕೆಲಸ ಗೋಡೆಯ ಪರೀಕ್ಷೆ. ಬೀರುವಿನ ಹಿಂಬದಿಯ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಮಳೆ ಹೊಡೆಯುವ ಕಡೆಯ ಹೊರಗೋಡೆ, ಅದರಲ್ಲೂ ಗಾರೆ ಮಾಡದ ಜಂಬಿಟ್ಟಿಗೆಯ ಗೋಡೆ, ಶ್ರಾವಣದವರೆಗೂ ನೀರು ಕುಡಿಯುತ್ತಲೇ ಇರುತ್ತದೆ. ಅಂಥ ಗೋಡೆಯ ಬೀರುವಿಗೆ ಕೈ ಹಾಕಬೇಡಿ. ಪ್ಲೈವುಡ್ ಉಬ್ಬುತ್ತದೆ, ಹಿಂದಿನಿಂದ ಒರಲೆ ಏರುತ್ತದೆ, ನೀವು ಗಿಡಕ್ಕೆ ಹಾಕುವ ನೀರು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ. ಎರಡು ಕೋಣೆಗಳ ನಡುವಿನ ಒಳಗೋಡೆಯ ಬೀರುವಾದರೆ ಧೈರ್ಯವಾಗಿ ಮುಂದುವರಿಯಿರಿ.

ಎರಡನೆಯದು ಬಾಗಿಲು. ಬಾಗಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿಬಿಡಿ. ಅರ್ಧ ತೆರೆದಿಡುತ್ತೇನೆ, ರಾತ್ರಿ ಮಾತ್ರ ಮುಚ್ಚುತ್ತೇನೆ ಎಂಬ ರಾಜಿ ಬೇಡ. ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗ ಬಾರದಿರಲೆಂದು ಹಿಂದಿನವರು ಗೊನೆಗೆ ಕರಡದ ಕೊಟ್ಟೆ ಕಟ್ಟುತ್ತಿದ್ದರಲ್ಲ, ಅದು ಮೇಲಿನಿಂದ ಬೀಳುವ ಮಳೆಯನ್ನಷ್ಟೇ ತಡೆಯುತ್ತಿತ್ತು, ಕೆಳಗೆ ತೆರೆದೇ ಇರುತ್ತಿತ್ತು. ನಿಮ್ಮ ಬೀರು ಗಿಡಕ್ಕೆ ಕೊಟ್ಟೆಯ ಹಾಗಿರಬೇಕು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ 1910ರಲ್ಲೇ ಬರೆದಿದ್ದಾರೆ. ಆ ರೋಗದ ಬೀಜಾಣು ನೀರಿನ ತೆಳು ಪದರದಲ್ಲಿ ಈಜಿ ಹರಡುವಂಥದ್ದು. ಎಳೆ ಸಸಿಯ ಬುಡ ಕೊಳೆಸುವ ಶಿಲೀಂಧ್ರಗಳದ್ದೂ ಹೆಚ್ಚು ಕಡಿಮೆ ಅದೇ ನಡತೆ. ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಮೆಣಸಿನ ಸಸಿ ಸಂಜೆ ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಣ್ಣಗಾಗಿ ಬಗ್ಗಿ ಬಿದ್ದಿರುತ್ತದೆ. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ಬುಡ ಮಾತ್ರ ನೀರು ತುಂಬಿದಂತೆ ಕಂದಾಗಿರುತ್ತದೆ. ಅದನ್ನು ನೋಡಿ ನೀರು ಸಾಲಲಿಲ್ಲ ಎಂದು ಮತ್ತೆ ನೀರು ಹಾಕುವವರೇ ಹೆಚ್ಚು. ಹಾಕಬೇಡಿ. ಆ ಸಸಿಯನ್ನು ಮಣ್ಣಿನ ಸಮೇತ ತೆಗೆದು, ಉಳಿದವನ್ನು ದೂರ ದೂರ ಸರಿಸಿ, ಗಾಳಿ ಜಾಸ್ತಿ ಮಾಡಿ.

ಗಾಳಿಗೆ ದೊಡ್ಡ ಫ್ಯಾನ್ ಏನೂ ಬೇಡ. ಕಂಪ್ಯೂಟರಿನೊಳಗೆ ಇರುತ್ತದಲ್ಲ, ಅಂಗೈಯಗಲದ 12 ವೋಲ್ಟಿನ ಫ್ಯಾನ್, ಅದನ್ನು ಅಡಾಪ್ಟರ್ ಜೊತೆ ಖಾನೆಗೊಂದರಂತೆ ಮೇಲ್ಮೂಲೆಯಲ್ಲಿ ಕೂರಿಸಿದರೆ ಸಾಕು. ಎಲೆ ಸಣ್ಣಗೆ ಅಲುಗಬೇಕು, ಅಷ್ಟೇ ಅಳತೆ. ಹಾಗೆ ಅಲುಗುವ ಸಸಿಯ ಕಾಂಡ ಗಟ್ಟಿಯೂ ಆಗುತ್ತದೆ, ಹೊರಗೆ ನೆಟ್ಟಾಗ ತಡೆದುಕೊಳ್ಳುತ್ತದೆ.

ಈಗ ಬೆಳಕು. ಬಿಸಿಲಿನ ಮಧ್ಯಾಹ್ನ ಅಂಗಳದಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿರುತ್ತದೆ. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಮುನ್ನೂರು ಲಕ್ಸ್ ಇದ್ದರೆ ಹೆಚ್ಚು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದೇ ಇಲ್ಲ, ಗಿಡಕ್ಕೆ ತಿಳಿಯುತ್ತದೆ. ಬೆಳಕು ಸಾಲದ ಸಸಿ ಅದನ್ನು ಹುಡುಕಿಕೊಂಡು ಉದ್ದಕ್ಕೆ, ತೆಳ್ಳಗೆ, ಬಿಳಿಚಿಕೊಂಡು ಏರುತ್ತದೆ. ಅದನ್ನು ಬೆಳವಣಿಗೆ ಎಂದು ಖುಷಿಪಡಬಾರದು. ಸೊಪ್ಪಿಗೆ, ಎಲೆಯ ಅಂದದ ಗಿಡಗಳಿಗೆ ಐದಾರು ಸಾವಿರ ಲಕ್ಸ್, ಮೆಣಸು, ಬದನೆ, ಟೊಮ್ಯಾಟೊ ಸಸಿಗಳಿಗೆ ಹತ್ತು ಸಾವಿರದ ಹತ್ತಿರ ಬೇಕು. ಮೂರಡಿ ಅಗಲ, ಒಂದೂವರೆ ಅಡಿ ಆಳದ ಒಂದು ಖಾನೆಗೆ, ಎರಡಡಿ ಉದ್ದದ 10 ವ್ಯಾಟಿನ ಸಾಮಾನ್ಯ ಬಿಳಿ ಎಲ್‌ಇಡಿ ಪಟ್ಟಿಗಳನ್ನು ಸೊಪ್ಪಿಗಾದರೆ ನಾಲ್ಕು, ತರಕಾರಿ ಸಸಿಗಾದರೆ ಆರು ಹಾಕಿ. ಎಲೆಯ ತುದಿಯಿಂದ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರದಲ್ಲಿರಲಿ. ಒಳಮೈಗೆ ಬಿಳಿ ಬಣ್ಣ ಬಳಿದರೆ ಪಕ್ಕಕ್ಕೆ ಹೋಗುವ ಬೆಳಕು ತಿರುಗಿ ಗಿಡಕ್ಕೇ ಬರುತ್ತದೆ. ಹಳೆಯ ಹಲಸಿನ ಹಲಗೆಯ ಬೀರುವಾದರೆ ಬಣ್ಣ ಬಳಿಯಲು ಮನಸ್ಸು ಬಾರದು, ಬಿಳಿ ಫ್ಲೆಕ್ಸ್ ಹಾಳೆ ಹೊಡೆದರೂ ನಡೆಯುತ್ತದೆ.

ನೇರಳೆ ಲೈಟ್ ಬೇಡ ಎಂದೆ. ಕೆಂಪು ಮತ್ತು ನೀಲಿ ಬೆಳಕನ್ನು ಎಲೆ ಹೆಚ್ಚು ಹೀರುತ್ತದೆ ಎಂಬುದು ಸರಿ. ಆದರೆ ಬಿಳಿ ಎಲ್‌ಇಡಿಯಲ್ಲಿ ಆ ಎರಡೂ ಇವೆ, ನಡುವಿನ ಹಸಿರನ್ನೂ ಎಲೆ ಬಳಸಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೇರಳೆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುತ್ತದೆ, ಹಳದಿ ತಿರುಗಿದ್ದು, ಚುಕ್ಕಿ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಎಲೆಚುಕ್ಕಿ ರೋಗ ತೋಟಗಳನ್ನು ಹಣ್ಣು ಮಾಡಿರುವ ನಮ್ಮ ಕಡೆಯವರಿಗೆ, ಎಲೆಯನ್ನು ದಿನವೂ ಕಣ್ಣಾರೆ ನೋಡುವುದರ ಬೆಲೆ ಗೊತ್ತಿದೆ.

ದಿನಕ್ಕೆ 14 ಗಂಟೆ ಬೆಳಕು ಸಾಕು. ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಇಟ್ಟುಕೊಂಡರೆ ಮಲಗುವವರಿಗೂ ತೊಂದರೆಯಿಲ್ಲ. 40 ವ್ಯಾಟಿಗೆ ತಿಂಗಳಿಗೆ ಸುಮಾರು 17 ಯೂನಿಟ್, 60 ವ್ಯಾಟಿಗೆ 25 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಪಡೆಯುವ ಮನೆಯಾದರೆ ನಿಮಗೆ ನಿಗದಿಯಾದ ಮಿತಿ ಎಷ್ಟೆಂದು ಮೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಿ. ಮಿತಿ ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಗಾಳಿಗೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋದರೂ ಗಿಡ ಸಾಯುವುದಿಲ್ಲ. ಆ ದಿನಗಳಲ್ಲಿ ನೀರು ಮಾತ್ರ ಹಾಕಬೇಡಿ. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೇಳಿ. ತಿರುಗುವ ಚಕ್ರದ ಟೈಮರ್ ಕರೆಂಟು ಹೋದಾಗಲೆಲ್ಲ ನಿಂತು, ಬಂದ ಮೇಲೆ ತಪ್ಪು ಹೊತ್ತಿಗೆ ಲೈಟ್ ಹಾಕುತ್ತದೆ. ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಆ ಲೈನಿಗೆ ವಿದ್ಯುತ್ ಸೋರಿದರೆ ತಾನೇ ಕಡಿದುಹಾಕುವ ಆರ್‌ಸಿಸಿಬಿ ಇರಲಿ, ಪ್ಲಗ್ಗು ಕುಂಡಗಳಿಗಿಂತ ಮೇಲಿರಲಿ. ಒದ್ದೆ ಕೈ, ಒದ್ದೆ ಗೋಡೆ, ವಿದ್ಯುತ್ತು ಕೂಡುವ ಜಾಗ ಇದು, ಇಲ್ಲಿ ಉಳಿತಾಯದ ಯೋಚನೆ ಬೇಡ. ಗುಡುಗು ಶುರುವಾದರೆ ಪ್ಲಗ್ಗು ತೆಗೆಯಿರಿ.

ಲೈಟಿನ ಬಿಸಿಯಿಂದ ಇನ್ನೊಂದು ಉಪಕಾರವಿದೆ. 24 ಡಿಗ್ರಿಯಲ್ಲಿ ಶೇ. 95 ತೇವ ಇರುವ ಗಾಳಿ 27 ಡಿಗ್ರಿಗೆ ಬಿಸಿಯಾದರೆ ತೇವ ಶೇ. 80ಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಸೌತೆ, ಹೀರೆ, ಬೆಂಡೆಯ ಬೀಜ ಮಳೆಗಾಲ ಕಳೆಯುತ್ತಿದ್ದದ್ದು ಇದೇ ಲೆಕ್ಕದ ಮೇಲೆ. ಬಟ್ಟೆಯ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸುವವರೂ ಮಾಡುವುದು ಇದನ್ನೇ. ಹಾಗೆಂದು ಒಂದು ಖಾನೆಯಲ್ಲಿ ಗಿಡ, ಪಕ್ಕದ ಖಾನೆಯಲ್ಲಿ ರೇಷ್ಮೆ ಸೀರೆ ಇಡಬೇಡಿ. ನೀವು ಹಾಕುವ ನೀರಿನಲ್ಲಿ ಹೆಚ್ಚಿನ ಪಾಲು ಆವಿಯಾಗಿ ಅಲ್ಲೇ ಸುತ್ತುತ್ತದೆ. ಮನೆಯಲ್ಲಿ ಉಬ್ಬಸದವರು ಇದ್ದರೆ ಮಲಗುವ ಕೋಣೆಯಲ್ಲಿ ಇದನ್ನು ಮಾಡಲೇಬೇಡಿ. ಗಿಡದಿಂದಲ್ಲ, ಬೂಷ್ಟಿನಿಂದ ತೊಂದರೆ.

ಕುಂಡದ ಮಣ್ಣಿನ ವಿಷಯದಲ್ಲಿ ನಮ್ಮ ಕಡೆಗೇ ಸೇರಿದ ಒಂದು ಎಚ್ಚರಿಕೆ ಇದೆ. ಕಾಡಿನ ತರಗೆಲೆ, ಅದರಡಿಯ ಕಪ್ಪು ಮಣ್ಣು ಗಿಡಕ್ಕೆ ಒಳ್ಳೆಯದೆಂದು ಬುಟ್ಟಿ ತುಂಬಿ ತಂದು ಮನೆಯೊಳಗೆ ಸುರಿಯಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವುದು, ಉಣುಗು ಇರುವುದು ಆ ತರಗೆಲೆಯಲ್ಲೇ. ಸಾಗರ ತಾಲ್ಲೂಕಿನ ಅರಳಗೋಡಿನವರು 2018–19ರಲ್ಲಿ ಅದೇ ಕಾಯಿಲೆಯಿಂದ ಅನುಭವಿಸಿದ್ದನ್ನು ಯಾರೂ ಮರೆತಿಲ್ಲ. ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತು ಒಣಗಿದ ಗೊಬ್ಬರ, ಸ್ವಲ್ಪ ಮರಳು ಬೆರೆಸಿಕೊಳ್ಳಿ. ಇದು ಹಗುರವೂ ಹೌದು, ಬೀರುವಿನ ಹಲಗೆಗೆ ಭಾರವಾಗುವುದಿಲ್ಲ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಆಗಾಗ ಚೆಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರ ಹತ್ತು ದಿನ ಸಾಕು.

ಏನು ಬೆಳೆಯುವುದು? ನನ್ನ ಮಟ್ಟಿಗೆ ಈ ಬೀರುವಿನ ಅತ್ಯುತ್ತಮ ಬಳಕೆ ಎಂದರೆ ಸಸಿಮಡಿ. ಆಶ್ಲೇಷ, ಮಘೆ ಮಳೆಯ ಹೊತ್ತಿಗೆ ಮೆಣಸು, ಬದನೆ, ಟೊಮ್ಯಾಟೊ ಬೀಜ ಹಾಕಿದರೆ ನಾಲ್ಕೈದು ವಾರದಲ್ಲಿ ಗಟ್ಟಿ ಸಸಿ ಸಿದ್ಧವಾಗುತ್ತದೆ. ಮಳೆ ಇಳಿಯುತ್ತಿದ್ದಂತೆ ಹಿತ್ತಲಿಗೆ ನೆಡಬಹುದು. ಹೊರಗಿಡುವ ಮೊದಲು ಒಂದು ವಾರ ಜಗಲಿಯಲ್ಲಿಟ್ಟು ಬಿಸಿಲಿಗೆ ಒಗ್ಗಿಸಿ. ಊರ ತಳಿಯ ಬೀಜ ಬೇಕೆನ್ನುವವರು ಶಿರಸಿಯಲ್ಲಿ ಬೀಜ ಉಳಿಸುವ ಮಹಿಳೆಯರ ಬಳಗ ‘ವನಸ್ತ್ರೀ’ಯನ್ನು ವಿಚಾರಿಸಬಹುದು. ಮೆಂತ್ಯ, ಕೊತ್ತಂಬರಿ, ಪುದೀನ, ದೊಡ್ಡಪತ್ರೆ ಇಲ್ಲಿ ಸಲೀಸಾಗಿ ಬರುತ್ತವೆ. ಆಂಥೂರಿಯಂ, ಜರೀಗಿಡಗಳಿಗೆ ಬೀರು ಬೇಕಾಗಿಲ್ಲ, ಇರಚಲು ಬಾರದ ಜಗಲಿಯೇ ಅವಕ್ಕೆ ಹಿತ. ಗುಲಾಬಿ, ಡೇರೆಯನ್ನು ಬೀರುವಿಗೆ ತರಬೇಡಿ, ಅವಕ್ಕೆ ಬಿಸಿಲೇ ಬೇಕು. ರೋಗ ಯಾವುದೆಂದು ತಿಳಿಯದಿದ್ದರೆ ಆ ಸಸಿಯನ್ನೇ ಕಾಗದದಲ್ಲಿ ಸುತ್ತಿ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದವರಿಗೆ ತೋರಿಸಿ.

ಒಂದು ವಿನಂತಿ. ಬೆಳಕು, ಗಾಳಿ ಎಲ್ಲ ಹೊಂದಿಸಿದ ಮೇಲೆ ಸೀತಾಳೆ ದಂಡೆಯಂಥ ಕಾಡಿನ ಆರ್ಕಿಡನ್ನು ಮರದಿಂದ ಕಿತ್ತು ತಂದು ಇಲ್ಲಿಡಬೇಕು ಅನ್ನಿಸುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅದರ ಬೇರಿಗೆ ಮರದ ತೊಗಟೆ, ಮಳೆ, ಮಳೆಯ ನಂತರದ ಒಣಗಾಳಿ ಮೂರೂ ಬೇಕು. ಬೀರುವಿನಲ್ಲಿ ಅದು ಕೊಳೆಯುತ್ತದೆ, ಮರದ ಮೇಲಿದ್ದರೆ ಮಳೆಗಾಲದ ಮೊದಲಲ್ಲಿ ಊರವರೆಲ್ಲ ನೋಡುವಂತೆ ಹೂಬಿಡುತ್ತದೆ.

ಈ ವರ್ಷಕ್ಕೆ ಒಂದೇ ಒಂದು ಖಾನೆ ಮಾಡಿ, ನಾಲ್ಕು ಪಟ್ಟಿ ಲೈಟು, ಒಂದು ಫ್ಯಾನ್, ಒಂದು ಟ್ರೇ ಮೆಂತ್ಯದಿಂದ ಶುರುಮಾಡಿ. ಆಶ್ಲೇಷ ಮುಗಿಯುವವರೆಗೂ ಹಲಗೆ, ಗೋಡೆ ಒಣಗಿಯೇ ಇದ್ದರೆ ಉಳಿದ ಖಾನೆಗಳಿಗೂ ಲೈಟ್ ಹಾಕಿಸಿ. ಹಲಗೆಗೆ ಬೂಷ್ಟು ಬಂದರೆ ಟ್ರೇಯನ್ನು ಜಗಲಿಗೆ ತಂದು, ಅದೇ ಲೈಟನ್ನು ಅಲ್ಲಿ ತೂಗುಹಾಕಿ. ಮೆಂತ್ಯ ಅಲ್ಲಿಯೂ ಬರುತ್ತದೆ.